ಎಷ್ಟು ಕಿಲೋ ಎತ್ತುತ್ತೀರಿ ಎಂದು ಕೇಳುತ್ತೀರಿ, ತಪ್ಪಾಯಿತು ಎನ್ನಲು ಬರುತ್ತದೆಯೇ ಎಂದು ಕೇಳಿದ್ದೀರಾ?

ಫಾರ್ಮಸಿ ಟೆಕ್ನಿಷಿಯನ್ ತರಬೇತಿ ನಡೆಸುವ ಸಂಸ್ಥೆಗಳ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಪ್ರವೇಶ ಅರ್ಜಿಯ ಕೊನೆಗೆ ಪಿನ್ ಹೊಡೆದ ಒಂದು ಹಾಳೆ ಇರುತ್ತದೆ. ‘ದೈಹಿಕ, ಮಾನಸಿಕ ಮತ್ತು ವರ್ತನೆಗೆ ಸಂಬಂಧಿಸಿದ ಅರ್ಹತೆಗಳು’ ಎಂದು ತಲೆಬರಹ. ಎಂಟು ಗಂಟೆ ನಿಲ್ಲಬಲ್ಲವರಾಗಿರಬೇಕು, ಇಷ್ಟು ಕಿಲೋ ಎತ್ತಬಲ್ಲವರಾಗಿರಬೇಕು, ಸಣ್ಣ ಅಕ್ಷರ ಓದಬೇಕು, ಬಣ್ಣ ಗುರುತಿಸಬೇಕು, ಒತ್ತಡದಲ್ಲೂ ಸಮಚಿತ್ತ ಕಾಯ್ದುಕೊಳ್ಳಬೇಕು, ಪ್ರಾಮಾಣಿಕರಾಗಿರಬೇಕು. ಕೆಳಗೆ ಸಹಿ, ದಿನಾಂಕ. ಅದನ್ನು ಪೂರ್ತಿ ಓದಿ ಸಹಿ ಹಾಕಿದವರನ್ನು ನಾನು ಹೆಚ್ಚು ಕಂಡಿಲ್ಲ. ನನ್ನ ಸರದಿ ಬಂದಾಗ ನಾನೂ ಓದಿರಲಿಲ್ಲ.

ಅದಾಗಿ ಬಹಳ ವರ್ಷಗಳಾದವು. ಫಾರ್ಮಸಿಸ್ಟ್ ಕೈಕೆಳಗೆ ಔಷಧ ಸಿದ್ಧಪಡಿಸುವ ಟೆಕ್ನಿಷಿಯನ್ ಆಗಿ ಕೌಂಟರಿನ ಹಿಂದೆ ನಿಂತು ಮಾತ್ರೆ ಎಣಿಸಿದ್ದೇನೆ, ರಕ್ತನಾಳಕ್ಕೆ ಹನಿಸುವ ಔಷಧ ಬೆರೆಸುವ ಆಸ್ಪತ್ರೆಯ ಐವಿ ರೂಮಿನಲ್ಲಿ ಗೌನು, ಗ್ಲೌಸು ತೊಟ್ಟು ಸಿರಿಂಜು ಹಿಡಿದಿದ್ದೇನೆ. ಈಗ ನಿಮ್ಮಂಥ ಸಂಸ್ಥೆಗಳಿಂದ ಪ್ರಾಯೋಗಿಕ ತರಬೇತಿಗೆ ಬರುವವರಿಗೆ ಕೆಲಸ ಕಲಿಸುವುದೂ ನನ್ನ ಪಾಲಿಗೆ ಬಂದಿದೆ. ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಆ ಹಾಳೆಯನ್ನೇ ಹಿಡಿದುಕೊಂಡು ಬಂದು, “ಮೇಡಂ, ಇದರಲ್ಲಿ ನಿಜವಾಗಿ ಬೇಕಾಗುವುದು ಯಾವುದು?” ಎಂದು ಕೇಳಿದಳು. ನಿಂತಲ್ಲೇ ಉತ್ತರ ಹೇಳಲು ನನಗೆ ಆಗಲಿಲ್ಲ. ಆ ಉತ್ತರವನ್ನು ಅವಳಿಗಿಂತ ಮೊದಲು ನಿಮಗೆ ಹೇಳಬೇಕು ಅನ್ನಿಸಿ ಈ ಪತ್ರ.

ನಿಲ್ಲುವ ಮಾತು ಸುಳ್ಳಲ್ಲ. ಮೊದಲ ವಾರ ಪಾದ ನೋಯುತ್ತದೆ, ಎರಡನೆಯ ವಾರ ಮೀನಖಂಡ, ಆಮೇಲೆ ಸೊಂಟ. ಕಪಾಟಿನಿಂದ ಕೌಂಟರಿಗೆ, ಕೌಂಟರಿನಿಂದ ಫ್ರಿಜ್ಜಿಗೆ, ಅಲ್ಲಿಂದ ಪ್ರಿಂಟರಿಗೆ ಓಡಾಡಿ ಸಂಜೆಯ ಹೊತ್ತಿಗೆ ಶೂ ಬಿಗಿಯಾಗಿರುತ್ತದೆ. ಇದನ್ನು ಮುಚ್ಚಿಡದೆ ಹೇಳಿದ್ದಕ್ಕೆ ನಿಮಗೆ ಧನ್ಯವಾದ. ಆದರೆ ನಾವು ನಿಲ್ಲುವುದರಲ್ಲಿ ಅರ್ಧ ಭಾಗಕ್ಕೆ ಕಾರಣ, ಕೌಂಟರನ್ನು ನಿಂತು ಕೆಲಸ ಮಾಡುವ ಎತ್ತರಕ್ಕೆ ಕಟ್ಟಿರುವುದು, ಅಷ್ಟೆ. ವೈದ್ಯರ ಚೀಟಿಯ ವಿವರ ಕಂಪ್ಯೂಟರಿಗೆ ಹಾಕುವುದಕ್ಕೆ, ಫೋನಿನಲ್ಲಿ ಮಾತಾಡುವುದಕ್ಕೆ, ಮಾತ್ರೆ ಎಣಿಸುವುದಕ್ಕೆ ನಿಂತೇ ಇರಬೇಕಾದ ಅಗತ್ಯವಿಲ್ಲ. ಸರಿಯಾದ ಎತ್ತರದ ಸ್ಟೂಲ್ ಇದ್ದರೆ ಮಂಡಿ ನೋವಿನವರೂ ಈ ಕೆಲಸ ಮಾಡುತ್ತಾರೆ. ನನ್ನ ಜೊತೆ ಮಾಡಿದ್ದಾರೆ.

ಎತ್ತುವ ವಿಷಯಕ್ಕೆ ಬಂದರೆ, ಕೆಲವು ಹಾಳೆಗಳಲ್ಲಿ 50 ಪೌಂಡ್, ಅಂದರೆ ಹತ್ತಿರಹತ್ತಿರ 23 ಕಿಲೋ ಎಂದಿರುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 1991ರಲ್ಲಿ ಪರಿಷ್ಕರಿಸಿದ ಭಾರ ಎತ್ತುವ ಸೂತ್ರದಲ್ಲಿ ಇದೇ 23 ಕಿಲೋ ಬರುತ್ತದೆ, ಆದರೆ ಗರಿಷ್ಠ ಮಿತಿಯಾಗಿ. ಹೊರೆ ಮೈಗೆ ಹತ್ತಿರವಿದ್ದು, ಸೊಂಟ ತಿರುಗಿಸದೆ, ಹಿಡಿತ ಗಟ್ಟಿಯಾಗಿದ್ದು ಎಲ್ಲವೂ ಅನುಕೂಲವಾಗಿದ್ದಾಗಿನ ಲೆಕ್ಕ ಅದು. ನಾವು ದಿನವೂ ಎತ್ತುವ ಭಾರವಾದ ವಸ್ತು ಎಂದರೆ ಸಲೈನ್ ಡಬ್ಬ. ಒಂದೊಂದು ಲೀಟರಿನ ಹನ್ನೆರಡು ಚೀಲ ಇದ್ದರೆ ಹನ್ನೆರಡು ಕಿಲೋಗಿಂತ ಸ್ವಲ್ಪ ಜಾಸ್ತಿ. ಅದನ್ನೂ ನೆಲದ ಮೇಲೆ ಬಿಚ್ಚಿ ಎರಡೆರಡು ಚೀಲವಾಗಿ ಜೋಡಿಸಬಹುದು, ಟ್ರಾಲಿಯ ಮೇಲೆ ತಳ್ಳಬಹುದು. ‘ಸಲೈನ್ ಡಬ್ಬಗಳನ್ನು ಸ್ಟಾಕ್ ರೂಮಿನಿಂದ ಕಪಾಟಿಗೆ ಸಾಗಿಸಬೇಕಾಗುತ್ತದೆ’ ಎಂದು ಬರೆದರೆ ಸಾಕಿತ್ತು. ಹೇಗೆ ಸಾಗಿಸುವುದು ಎಂಬುದನ್ನು ಸಾಗಿಸುವವರು ಕಂಡುಕೊಳ್ಳುತ್ತಾರೆ.

ಕಣ್ಣಿನ ವಿಷಯದಲ್ಲಿ ಮಾತ್ರ ನಾನು ನಿಮಗಿಂತ ಕಟ್ಟುನಿಟ್ಟು. ಕನ್ನಡಕವೋ ಭೂತಗನ್ನಡಿಯೋ, ಏನಾದರೂ ಹಾಕಿಕೊಳ್ಳಲಿ, ಆದರೆ ಅಕ್ಷರ ಕಾಣಲೇಬೇಕು, ಚುಕ್ಕೆ ಕಾಣಲೇಬೇಕು. 1.0 ಮಿಲಿಗ್ರಾಂ ಎಂದು ಬರೆದ ಚೀಟಿಯಲ್ಲಿ ಚುಕ್ಕೆ ಮಸುಕಾಗಿದ್ದರೆ ಹತ್ತು ಮಿಲಿಗ್ರಾಂ ಆಗುತ್ತದೆ. ಮುಂದೆ ಸೊನ್ನೆ ಇಲ್ಲದೆ .5 ಎಂದು ಬರೆದದ್ದು ಐದು ಆಗುತ್ತದೆ. ಹೈಡ್ರಾಕ್ಸಿಜಿನ್ ಮತ್ತು ಹೈಡ್ರಲಜಿನ್ ಅಕಾರಾದಿ ಕ್ರಮದಲ್ಲಿ ಹೆಚ್ಚುಕಡಿಮೆ ಅಕ್ಕಪಕ್ಕದ ಮನೆಯವರು. ಒಂದು ತುರಿಕೆಗೆ, ಇನ್ನೊಂದು ರಕ್ತದೊತ್ತಡಕ್ಕೆ. ಇಂಗ್ಲಿಷಿನಲ್ಲಿ ಇವುಗಳ ಹೆಸರಿನಲ್ಲಿ ಬೇರೆಯಾಗುವ ಅಕ್ಷರಗಳನ್ನು ಬೇಕೆಂದೇ ದೊಡ್ಡದಾಗಿ ಮುದ್ರಿಸುವ ರೂಢಿ ಬಂದದ್ದು ಇಂಥ ಜೋಡಿಗಳಿಂದಲೇ.

ಹಾಗೆಂದು ಬೇಗ ಓದುವವರೇ ಚೆನ್ನಾಗಿ ಓದುತ್ತಾರೆ ಎಂದುಕೊಳ್ಳಬೇಡಿ. ಡಿಸ್ಲೆಕ್ಸಿಯಾ ಇದ್ದ ಹುಡುಗನೊಬ್ಬ ನನ್ನ ಬಳಿ ತರಬೇತಿಗೆ ಬಂದಿದ್ದ. ಲೇಬಲ್ಲಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರ ಸರಿಸಿಕೊಂಡು ಓದುತ್ತಿದ್ದ, ಆಮೇಲೆ ಡಬ್ಬಿಯ ಸಂಖ್ಯೆಯನ್ನು ತೆರೆಯ ಮೇಲಿನ ಸಂಖ್ಯೆಗೆ ಹೋಲಿಸುತ್ತಿದ್ದ, ಆಮೇಲೆಯೇ ಬಾರ್‌ಕೋಡ್. ಅವನ ಜೊತೆಗಿದ್ದ ಚುರುಕಿನ ಹುಡುಗಿ ಡಬ್ಬಿಯ ಆಕಾರ ನೋಡಿಯೇ ಕೈ ಹಾಕುತ್ತಿದ್ದಳು. ಹೈಡ್ರಲಜಿನ್ ಬದಲಿಗೆ ಪಕ್ಕದ ಮನೆಯವರನ್ನು ಎತ್ತಿ ತಂದವಳು ಅವಳು. ನಿಮ್ಮ ಹಾಳೆಯ ಪ್ರಕಾರ ‘ವೇಗವಾಗಿ ಓದಿ ಗ್ರಹಿಸುವ ಸಾಮರ್ಥ್ಯ’ ಇದ್ದವಳೂ ಅವಳೇ.

ಬಣ್ಣದ ಮಾತನ್ನಂತೂ ನೀವು ಎಲ್ಲಿಂದ ತಂದಿರೋ. ಉತ್ತರ ಯುರೋಪ್ ಮೂಲದ ಪುರುಷರಲ್ಲಿ ಸುಮಾರು 8% ಮಂದಿಗೆ ಕೆಂಪು-ಹಸಿರಿನ ಗೊಂದಲ ಇರುತ್ತದೆ. ಅವರೆಲ್ಲ ಈ ಕೆಲಸಕ್ಕೆ ನಾಲಾಯಕ್ಕೇ? ವಾರ್ಫರಿನ್ ಮಾತ್ರೆಯನ್ನೇ ತೆಗೆದುಕೊಳ್ಳಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧ, ಹೆಚ್ಚಾದರೆ ರಕ್ತಸ್ರಾವ. ಪ್ರಮಾಣಕ್ಕೆ ಒಂದರಂತೆ ಬಣ್ಣ ಹಾಕುತ್ತಾರೆ. ಅಮೆರಿಕದಲ್ಲಿ ಗುಲಾಬಿ ಎಂದರೆ 1 ಮಿಲಿಗ್ರಾಂ, ಬ್ರಿಟನ್ನಿನಲ್ಲಿ ಗುಲಾಬಿ ಎಂದರೆ 5 ಮಿಲಿಗ್ರಾಂ. ಬಣ್ಣ ಚೆನ್ನಾಗಿ ಕಾಣುವ ಕಣ್ಣೇ ಇಲ್ಲಿ ಐದು ಪಟ್ಟು ಮೋಸ ಹೋಗುತ್ತದೆ. ಬಣ್ಣ ನಂಬಿ ಔಷಧ ಕೊಡಬೇಡ ಎಂದು ನಾವು ಕಲಿಸುತ್ತೇವೆ, ಬಣ್ಣ ಕಾಣದವರು ಬರಬೇಡಿ ಎಂದು ನೀವು ಬರೆಯುತ್ತೀರಿ.

ಇಂಥ ಹಾಳೆಗಳ ಹಿಂದೆ ಒಂದು ಕಾನೂನಿನ ಕಥೆ ಇದೆ, ನಿಮಗೆ ಗೊತ್ತಿರಬಹುದು. 1979ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ‘ಸೌತ್‌ಈಸ್ಟರ್ನ್ ಕಮ್ಯುನಿಟಿ ಕಾಲೇಜ್ ವಿರುದ್ಧ ಡೇವಿಸ್’ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಫ್ರಾನ್ಸಿಸ್ ಡೇವಿಸ್ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ತುಟಿಯ ಚಲನೆ ನೋಡಿ ಮಾತು ತಿಳಿದುಕೊಳ್ಳುತ್ತಿದ್ದರು. ಆಗಲೇ ಒಂದು ಹಂತದ ನರ್ಸಿಂಗ್ ಪರವಾನಗಿ ಇದ್ದವರು, ಮುಂದಿನ ಹಂತದ ತರಬೇತಿಗೆ ಅರ್ಜಿ ಹಾಕಿದ್ದರು. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಎಲ್ಲರೂ ಮಾಸ್ಕ್ ಹಾಕಿರುವಾಗ ತುಟಿ ಓದುವುದು ಹೇಗೆ ಎಂಬುದು ಕಾಲೇಜಿನ ವಾದಗಳಲ್ಲಿ ಒಂದು. ತರಬೇತಿಗೆ ನಿಜವಾಗಿ ಅಗತ್ಯವಾದ ದೈಹಿಕ ಅರ್ಹತೆಯನ್ನು ಸಂಸ್ಥೆ ಕೇಳಬಹುದು ಎಂದು ನ್ಯಾಯಾಲಯ ಕಾಲೇಜಿನ ಪರ ನಿಂತಿತು. ಆಮೇಲೆ 1990ರಲ್ಲಿ ಅಲ್ಲಿ ಅಂಗವಿಕಲರ ಹಕ್ಕಿನ ಕಾಯ್ದೆ ಬಂದು, ಅನುಕೂಲ ಮಾಡಿಕೊಡುವ ಹೊಣೆಗೆ ಇನ್ನಷ್ಟು ಬಲ ಬಂತು. ತೀರ್ಪಿನಲ್ಲಿ ತೂಕವಿದ್ದದ್ದು ‘ನಿಜವಾಗಿ ಅಗತ್ಯವಾದ’ ಎಂಬುದಕ್ಕೆ. ಆ ತೂಕವನ್ನು ಇಳಿಸಿ, ಉಳಿದದ್ದನ್ನು ಒಬ್ಬರ ಹಾಳೆಯಿಂದ ಇನ್ನೊಬ್ಬರು ನಕಲು ಮಾಡಿಕೊಂಡು ಬಂದಿದ್ದೀರಿ ಎಂಬ ಅನುಮಾನ ನನ್ನದು. ಅನುಕೂಲ ಮಾಡಿಕೊಡುವ ಸಾಲು ಯಾವಾಗಲೂ ಹಾಳೆಯ ಬುಡದಲ್ಲಿ, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಸಣ್ಣ ಅಕ್ಷರ ಓದಬಲ್ಲವರಿಗೆ ಮಾತ್ರ ಅದು ಕಾಣುತ್ತದೆ!

ಇನ್ನು ‘ಮಾನಸಿಕ’ ಭಾಗ. ‘ಒತ್ತಡದಲ್ಲಿ ಕೆಲಸ ಮಾಡುವ ಸಾಮರ್ಥ್ಯ’ ಎಂದು ಬರೆದು ಕೈತೊಳೆದುಕೊಂಡಿದ್ದೀರಿ. ಆ ಒತ್ತಡ ಹೇಗಿರುತ್ತದೆ ಎಂದು ಹತ್ತಿರದಿಂದ ತೋರಿಸುತ್ತೇನೆ. ಎಣಿಸುವ ತಟ್ಟೆಯ ಮೇಲೆ ತೊಂಬತ್ತು ಮಾತ್ರೆ ಎಣಿಸಬೇಕು. ಚಪ್ಪಟೆ ಕಡ್ಡಿಯಿಂದ ಐದೈದಾಗಿ ತಳ್ಳುತ್ತಿದ್ದೀರಿ. ಐದು, ಹತ್ತು, ಹದಿನೈದು. ಅರವತ್ತೈದಕ್ಕೆ ಬಂದಾಗ ಫೋನ್. ಅದು ನಿಂತಿತು ಎನ್ನುವಷ್ಟರಲ್ಲಿ ಕೌಂಟರಿನ ಆಚೆಯಿಂದ ಒಬ್ಬರು, “ಇನ್ನೂ ಎಷ್ಟು ಹೊತ್ತು?” ಅನ್ನುತ್ತಾರೆ. ಹಿಂದಿನಿಂದ ಫಾರ್ಮಸಿಸ್ಟ್ ಯಾವುದೋ ಡಬ್ಬಿ ಕೇಳುತ್ತಾರೆ. ಈಗ ಅರವತ್ತೈದೋ ಎಪ್ಪತ್ತೋ?

ಕಲಿಯುವವರು ಎಪ್ಪತ್ತೇ ಇರಬೇಕು ಎಂದುಕೊಂಡು ಮುಂದುವರಿಯುತ್ತಾರೆ. ಪಳಗಿದವರು ಅಷ್ಟನ್ನೂ ಹಿಂದಕ್ಕೆ ಸುರಿದು ಐದರಿಂದ ಶುರು ಮಾಡುತ್ತಾರೆ. ಎದುರಿಗೆ ನಿಂತವರು ನಿಟ್ಟುಸಿರು ಬಿಟ್ಟರೂ ಬಿಡಲಿ. ಇದಕ್ಕೆ ಸಮಚಿತ್ತಕ್ಕಿಂತ ಸ್ವಲ್ಪ ಭಂಡತನವೇ ಬೇಕು, ನನ್ನನ್ನು ಕೇಳಿದರೆ. “ಎಣಿಸುತ್ತಿದ್ದೇನೆ, ಒಂದು ನಿಮಿಷ ಇರಿ” ಎಂದು ತನಗಿಂತ ಹಿರಿಯರಿಗೆ ಹೇಳುವ ಅಭ್ಯಾಸವನ್ನು ಮೊದಲ ದಿನವೇ ಮಾಡಿಸಬೇಕು. ನಾನು ಮಾಡಿಸುತ್ತೇನೆ. ಬೇಕೆಂದೇ ನಡುವೆ ಕರೆಯುತ್ತೇನೆ. ಎಣಿಕೆ ಬಿಟ್ಟು ಓಡಿ ಬಂದವರಿಗೆ ಆ ತಟ್ಟೆ ಮತ್ತೆ ಮೊದಲಿನಿಂದ.

ಲೆಕ್ಕವೂ ಹಾಗೆಯೇ. ಐದು ಮಿಲಿಲೀಟರಿನಲ್ಲಿ 250 ಮಿಲಿಗ್ರಾಂ ಇರುವ ಸಿರಪ್, ಮಗುವಿಗೆ 400 ಮಿಲಿಗ್ರಾಂ ಕೊಡಬೇಕು. ಉತ್ತರ ಎಂಟು ಮಿಲಿಲೀಟರ್. ಕ್ಯಾಲ್ಕುಲೇಟರಿನಲ್ಲಿ ಚುಕ್ಕೆ ಜಾರಿ ಎಂಬತ್ತು ಎಂದು ಬಂತು ಎಂದಿಟ್ಟುಕೊಳ್ಳಿ. ನೂರು ಮಿಲಿಲೀಟರಿನ ಬಾಟಲಿ ಒಂದೂಕಾಲು ಡೋಸಿಗೆ ಖಾಲಿಯಾಗುತ್ತದಲ್ಲ, ಇದೇನೋ ಸರಿಯಿಲ್ಲ ಎಂದು ಕೈ ತಡೆಯಬೇಕು. ಗಣಿತದ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದವರ ಕೈಯೂ ಕೆಲವೊಮ್ಮೆ ತಡೆಯುವುದಿಲ್ಲ.

ಈಗ ವರ್ತನೆ. ಇಡೀ ಹಾಳೆಯಲ್ಲಿ ಇದಕ್ಕೆ ಒಂದೇ ಸಾಲು: ‘ಪ್ರಾಮಾಣಿಕತೆ, ಗೋಪ್ಯತೆ, ವೃತ್ತಿಪರ ನಡವಳಿಕೆ’. ಗೋಪ್ಯತೆಯದು ದೊಡ್ಡ ತಕರಾರಿಲ್ಲ, ಪರಿಚಯದವರ ಚೀಟಿ ಕೈಗೆ ಬಂದಾಗ ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ. ನಿದ್ರೆಯ, ನೋವಿನ ಮಾತ್ರೆಗಳನ್ನು ಎರಡೆರಡು ಬಾರಿ ಎಣಿಸಿ ಸಹಿ ಹಾಕುವುದೂ ಕೆಲವೇ ದಿನಗಳಲ್ಲಿ ರೂಢಿಯಾಗುತ್ತದೆ. ಉಳಿದ ಆ ಒಂದು ಪದವಿದೆಯಲ್ಲ, ಪ್ರಾಮಾಣಿಕತೆ, ಅದನ್ನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಇಟ್ಟು ಬಿಟ್ಟಿದ್ದೀರಿ.

2006ರಲ್ಲಿ ಅಮೆರಿಕದ ಓಹಾಯೋದಲ್ಲಿ ಎಮಿಲಿ ಜೆರ್ರಿ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಕ್ಯಾನ್ಸರಿನ ಔಷಧವನ್ನು 0.9% ಉಪ್ಪಿನ ದ್ರಾವಣದಲ್ಲಿ ಬೆರೆಸಬೇಕಿತ್ತು. ಟೆಕ್ನಿಷಿಯನ್ ಬಳಸಿದ್ದು 23.4% ದ್ರಾವಣ. ಇಪ್ಪತ್ತಾರು ಪಟ್ಟು. ಪರಿಶೀಲಿಸಬೇಕಿದ್ದ ಫಾರ್ಮಸಿಸ್ಟ್‌ಗೂ ಅದು ಕಣ್ಣಿಗೆ ಬೀಳಲಿಲ್ಲ. ಆಗ ಆ ರಾಜ್ಯದಲ್ಲಿ ಟೆಕ್ನಿಷಿಯನ್ ಆಗಲು ಇಂಥದೇ ತರಬೇತಿ ಬೇಕೆಂಬ ಕಾನೂನಿರಲಿಲ್ಲ, 2009ರಲ್ಲಿ ಆ ಮಗುವಿನ ಹೆಸರಿನಲ್ಲೇ ಬಂತು. ಫಾರ್ಮಸಿಸ್ಟ್ ಪರವಾನಗಿ ಕಳೆದುಕೊಂಡು ಆರು ತಿಂಗಳ ಜೈಲು ಶಿಕ್ಷೆಗೂ ಗುರಿಯಾದರು. ಈ ಪ್ರಕರಣವನ್ನು ಪಾಠದಲ್ಲಿ ಹೇಳುವಾಗಲೆಲ್ಲ ನಾನು ವಿದ್ಯಾರ್ಥಿಗಳ ಮುಖ ನೋಡುತ್ತೇನೆ. ಉಪ್ಪಿನ ಪ್ರಮಾಣ ಕೇಳಿ ಬೆಚ್ಚುತ್ತಾರೆ, ಜೈಲು ಎಂದ ತಕ್ಷಣ ಮುಖ ಮುಚ್ಚಿಕೊಳ್ಳುತ್ತದೆ. ಮನಸ್ಸಿನಲ್ಲಿ ಅವರು ಕಲಿಯುತ್ತಿರುವ ಪಾಠ ಯಾವುದು ಎಂಬುದು ನನಗೆ ಕಾಣುತ್ತದೆ: ತಪ್ಪಾದರೆ ಯಾರಿಗೂ ತಿಳಿಯಬಾರದು.

ನಾನೂ ಅದನ್ನೇ ಕಲಿತಿದ್ದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಯಾರೂ ತೆಗೆದುಕೊಂಡು ಹೋಗದೆ ಉಳಿದಿದ್ದ ಮಾತ್ರೆಗಳನ್ನು ದೊಡ್ಡ ಸ್ಟಾಕ್ ಡಬ್ಬಿಗೆ ಮರಳಿ ಸುರಿಯುತ್ತಿದ್ದೆ. ಹಾಗೆ ಸುರಿಯಲೇಬಾರದು ಎಂಬುದು ಆಗ ಗೊತ್ತಿರಲಿಲ್ಲ. ಮಾತ್ರೆಗಳು ಡಬ್ಬಿಯೊಳಗೆ ಬಿದ್ದ ಸದ್ದು ನಿಂತ ಮೇಲೆ ಕೈಯಲ್ಲಿದ್ದ ಖಾಲಿ ಶೀಶೆಯ ಲೇಬಲ್ ನೋಡಿದೆ. ಔಷಧ ಅದೇ, ಪ್ರಮಾಣ ಬೇರೆ. ಎರಡೂ ಬಿಳಿ, ಎರಡೂ ದುಂಡಗೆ. ಡಬ್ಬಿಯ ಮುಚ್ಚಳ ಹಾಕಿದೆ. ಕಪಾಟಿನಲ್ಲಿಟ್ಟೆ. ಇಪ್ಪತ್ತು ನಿಮಿಷ ಬೇರೆ ಕೆಲಸ ಮಾಡಿದೆ. ಆ ಇಪ್ಪತ್ತು ನಿಮಿಷದಲ್ಲಿ ಯಾರಾದರೂ ಆ ಡಬ್ಬಿಗೆ ಕೈ ಹಾಕಿದರೆ ಎಂದು ನೂರು ಸಲ ಅತ್ತ ನೋಡಿದ್ದೇನೆ. ಕೊನೆಗೆ ಉಗುಳು ನುಂಗಿಕೊಂಡು ಫಾರ್ಮಸಿಸ್ಟ್ ಹತ್ತಿರ ಹೋಗಿ ಹೇಳಿದೆ. ಅವರು ನನ್ನ ಮುಖವನ್ನೂ ನೋಡಲಿಲ್ಲ. ಎದ್ದು ಹೋಗಿ ಡಬ್ಬಿ ತೆಗೆದು, ಇಡೀ ಡಬ್ಬಿಯನ್ನು ವಿಲೇವಾರಿಯ ಪೆಟ್ಟಿಗೆಗೆ ಹಾಕಿ, “ಬೇರೆ ಯಾವುದಾದರೂ ಇದೆಯಾ?” ಎಂದರು. ಇಲ್ಲ ಎಂದೆ. “ಸರಿ, ಬರೆದಿಡು” ಎಂದರು. ಮುಗಿಯಿತು. ಅವತ್ತು ಅವರು ಎಲ್ಲರ ಎದುರು ರೇಗಿದ್ದರೆ ಮುಂದಿನ ತಪ್ಪನ್ನು ನಾನು ಹೇಳುತ್ತಿದ್ದೆನೋ ಇಲ್ಲವೋ, ನನಗೇ ಖಾತ್ರಿಯಿಲ್ಲ.

ಐವಿ ರೂಮಿನಲ್ಲಿ ಇದು ಇನ್ನೂ ಸೂಕ್ಷ್ಮ. ಔಷಧವನ್ನು ಚೀಲಕ್ಕೆ ಸೇರಿಸಿ ಆದ ಮೇಲೆ, ಖಾಲಿ ಸಿರಿಂಜಿನ ದಂಡವನ್ನು ಹಿಂದಕ್ಕೆಳೆದು ‘ಇಷ್ಟು ಹಾಕಿದೆ’ ಎಂದು ಫಾರ್ಮಸಿಸ್ಟ್‌ಗೆ ತೋರಿಸುವ ಪದ್ಧತಿ ಹಲವು ಕಡೆ ಇತ್ತು, ಸುರಕ್ಷಿತವಲ್ಲ ಎಂದು ತಜ್ಞರು ಹೇಳುತ್ತ ಬಂದಿದ್ದಾರೆ. ಯಾಕೆಂದರೆ ಅಲ್ಲಿ ಫಾರ್ಮಸಿಸ್ಟ್ ನೋಡುತ್ತಿರುವುದು ಗಾಳಿಯನ್ನು. ಆರು ಮಿಲಿಲೀಟರ್ ಹಾಕಬೇಕಿದ್ದಲ್ಲಿ ಎಂಟು ಹಾಕಿದವರು ದಂಡವನ್ನು ಆರಕ್ಕೆ ಎಳೆದು ತೋರಿಸಿದರೆ ಚೀಲದ ಮೇಲೆ ಸಹಿ ಬೀಳುತ್ತದೆ. ಕ್ಯಾಮೆರಾ, ತಕ್ಕಡಿ, ಬಾರ್‌ಕೋಡ್ ಎಲ್ಲ ಬಂದಿವೆ, ಬರಲಿ. ಆದರೂ ಆ ಗಾಜಿನ ಹಿಂದೆ ಒಬ್ಬರೇ ಕುಳಿತಿರುವಾಗ ಸೂಜಿಯ ತುದಿ ಎಲ್ಲಿ ತಾಗಿತು ಎಂಬುದು ಗೊತ್ತಿರುವುದು ಅವರೊಬ್ಬರಿಗೇ.

ತನ್ನ ತಪ್ಪನ್ನು ಹೇಳುವುದರಂತೆ ಮೇಲಿನವರ ತಪ್ಪನ್ನು ಕೇಳುವುದೂ ಈ ಕೆಲಸದ ಭಾಗ. ಮೆಥೊಟ್ರೆಕ್ಸೇಟ್ ಔಷಧವನ್ನು ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡುತ್ತಾರೆ. ಕಣ್ತಪ್ಪಿನಿಂದ ‘ದಿನಕ್ಕೊಮ್ಮೆ’ ಎಂದಾಗಿ ಜನ ಸತ್ತ ಪ್ರಕರಣಗಳಿವೆ. ಚೀಟಿಯನ್ನು ಮೊದಲು ಕಂಪ್ಯೂಟರಿಗೆ ಹಾಕುವುದು ಟೆಕ್ನಿಷಿಯನ್. ಡೋಸ್ ಬದಲಿಸುವ ಅಧಿಕಾರ ಅವರಿಗಿಲ್ಲ, ಇರಲೂಬಾರದು. ಆದರೆ “ಇದು ದಿನಕ್ಕೆ ಅಂತಿದೆ, ಒಮ್ಮೆ ನೋಡಿ” ಎನ್ನುವುದಕ್ಕೆ ಅಧಿಕಾರ ಬೇಡ. ನಿಮ್ಮ ಹಾಳೆಯಲ್ಲಿ ‘ಮೇಲಧಿಕಾರಿಗಳ ಸೂಚನೆ ಪಾಲಿಸಬೇಕು’ ಎಂದಿದೆ, ‘ಪ್ರಶ್ನೆ ಕೇಳಬೇಕು’ ಎಂದು ಎಲ್ಲೂ ಇಲ್ಲ.

ಇಲ್ಲದ್ದು ಇನ್ನೂ ಎರಡಿವೆ. ಕ್ಯಾನ್ಸರಿನದೂ ಸೇರಿ ಕೆಲವು ಔಷಧಗಳು ಮುಟ್ಟುವವರಿಗೂ ಅಪಾಯ, ಅದರಲ್ಲೂ ಗರ್ಭಿಣಿಯರಿಗೆ, ಮಗು ಬೇಕೆಂದಿರುವ ಗಂಡಸರಿಗೂ ಹೆಂಗಸರಿಗೂ. ನಿಯೋಶ್ 2004ರಲ್ಲೇ ಎಚ್ಚರಿಸಿ ಪಟ್ಟಿ ಕೊಟ್ಟಿದೆ. ವಿದ್ಯಾರ್ಥಿಯ ಬೆನ್ನು, ಕಣ್ಣು, ಮನಸ್ಸು ಎಲ್ಲ ವಿಚಾರಿಸುವ ಹಾಳೆ, ಕೆಲಸವು ಅವರ ದೇಹಕ್ಕೆ ಏನು ಮಾಡಬಹುದು ಎಂಬ ಬಗ್ಗೆ ಮುಗುಮ್ಮಾಗಿದೆ. ಎರಡನೆಯದು ಹಾಜರಿ. ನೆಗಡಿ, ಕೆಂಗಣ್ಣು, ಕೀವು ಸೋರುವ ಗಾಯ ಇದ್ದವರು ಸ್ಟೆರೈಲ್, ಅಂದರೆ ರೋಗಾಣುಮುಕ್ತ, ಔಷಧ ತಯಾರಿಸುವ ಕೋಣೆಗೆ ಕಾಲಿಡಬಾರದು, ಅದು ನಿಯಮ. ಇಷ್ಟು ದಿನಕ್ಕಿಂತ ಹೆಚ್ಚು ರಜೆ ಹಾಕಿದರೆ ತರಬೇತಿಯಿಂದ ಹೊರಗೆ, ಅದು ನಿಮ್ಮ ಹಾಳೆಯ ನಿಯಮ. ಕೆಂಗಣ್ಣು ಬಂದವಳೊಬ್ಬಳು ಕಣ್ಣಿಗೆ ತಣ್ಣೀರು ಹಾಕಿಕೊಂಡು, ಕನ್ನಡಕದ ಹಿಂದೆ ಅದನ್ನು ಮುಚ್ಚಿಕೊಂಡು ನನ್ನ ಮುಂದೆ ಬಂದು ನಿಂತಿದ್ದಳು. ನಾನು ವಾಪಸ್ ಕಳುಹಿಸಿದೆ. ಅವಳ ರಜೆಯ ಲೆಕ್ಕದಲ್ಲಿ ಅದೂ ಸೇರಿತು. ಅವಳು ಸುಳ್ಳು ಹೇಳಿದಳು ಎನ್ನುತ್ತೀರಾ, ನೀವು ಹೇಳಿಸಿದಿರಿ ಎನ್ನಲೇ?

ಹಾಳೆಯನ್ನು ಹರಿದು ಬಿಸಾಡಿ ಎಂದು ನಾನು ಕೇಳುತ್ತಿಲ್ಲ. ಏನೂ ತಿಳಿಯದೆ ಸೇರಿ, ಅರ್ಧದಲ್ಲಿ ಬಿಟ್ಟು ಹೋಗಿ, ಕಟ್ಟಿದ ಶುಲ್ಕ ಕಳೆದುಕೊಂಡವರನ್ನೂ ಕಂಡಿದ್ದೇನೆ. ದೇಹದ ಬದಲು ಕೆಲಸವನ್ನು ವಿವರಿಸಿ ಬರೆಯಿರಿ. ಯಾವ ಕೆಲಸಕ್ಕೆ ಯಾವ ಅನುಕೂಲ ಮಾಡಿಕೊಡುತ್ತೀರಿ ಎಂಬುದನ್ನು ಅದರ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ. ಅನಾರೋಗ್ಯದಿಂದ ಸ್ಟೆರೈಲ್ ಕೋಣೆಯಿಂದ ದೂರ ಉಳಿದ ದಿನವನ್ನು ಗೈರುಹಾಜರಿಯಲ್ಲಿ ಸೇರಿಸಬೇಡಿ. ತಪ್ಪು ಹೇಳಿಕೊಳ್ಳುವುದನ್ನು ಲ್ಯಾಬಿನಲ್ಲಿ ಅಭ್ಯಾಸ ಮಾಡಿಸಿ, ಗ್ಲೌಸು ಹಾಕುವುದನ್ನು ಮಾಡಿಸಿದ ಹಾಗೆ, ಹತ್ತು ಸಲ. ಅದಕ್ಕಿಂತ ಮೊದಲು ನಿಮ್ಮ ಬೋಧಕರನ್ನು ಒಟ್ಟಿಗೆ ಕೂರಿಸಿ, ಕಳೆದ ಬಾರಿ ತಾನಾಗಿ ಬಂದು ತಪ್ಪು ಹೇಳಿದ ವಿದ್ಯಾರ್ಥಿಗೆ ಏನಾಯಿತು ಎಂದು ಕೇಳಿ. ಅಂಕ ಕಳೆದರೋ, ಇಲ್ಲವೋ.

ಹಾಳೆ ಹಿಡಿದು ಬಂದಿದ್ದ ಹುಡುಗಿಗೆ ಇದೆಲ್ಲವನ್ನೂ ನಾನು ಹೇಳಲಿಲ್ಲ. ನನ್ನ ಬಿಳಿ ಮಾತ್ರೆಗಳ ಕಥೆಯನ್ನಷ್ಟೇ ಹೇಳಿದೆ. ಅವಳು ಸಹಿ ಹಾಕಿ, ‘ಪ್ರಾಮಾಣಿಕತೆ’ ಎಂಬ ಪದದ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದಳು: ‘ಹೇಳಿದರೆ ಏನಾಗುತ್ತದೆ?’ ಆ ಹಾಳೆ ಈಗ ನಿಮ್ಮಲ್ಲಿ ಯಾರದೋ ಕಡತದಲ್ಲಿದೆ. ಹುಡುಕಿ ತೆಗೆದು, ಅವಳಿಗೆ ಉತ್ತರ ಬರೆಯಿರಿ.

ಇಂತಿ,
ನಿಮ್ಮ ವಿದ್ಯಾರ್ಥಿಗಳಿಗೆ ಕೆಲಸ ಕಲಿಸುವ ಒಬ್ಬ ಟೆಕ್ನಿಷಿಯನ್